ಮೂವತ್ತೆಂಟು ಸೆಕೆಂಡ್

ಅಂಗಿಯ ಕಾಲರ್ ಹೊಲಿಯುವ ಸಾಲಿನಲ್ಲಿ ಅವಳಿಗೆ ಮಿಂಚು ಎಂದೇ ಹೆಸರು. ಆ ಸಾಲಿನಲ್ಲಿ ಎಲ್ಲೂ ಬರೆಯದ ಕಟ್ಟಳೆಯೊಂದಿತ್ತು: ಕೆಲಸದ ವೇಗ ಅಳೆಯುವ ಗಡಿಯಾರದವನು ಬಂದು ನಿಂತರೆ ಎಲ್ಲರ ಕೈಯೂ ಒಂದಿಷ್ಟು ನಿಧಾನ. ಅವನು ಇಂದು ಬರೆದುಕೊಂಡದ್ದೇ ನಾಳೆ ಎಲ್ಲರ ಹೆಗಲಿಗೆ ಬೀಳುವ ನೊಗ.

ಮೊನ್ನೆ ಅವನು ಅವಳ ಬೆನ್ನ ಹಿಂದೆ ನಿಂತು, "ಪಕ್ಕದ ಕಾರ್ಖಾನೇಲಿ ಒಬ್ಬಳಿದಾಳೆ, ನಲವತ್ತೈದು ಸೆಕೆಂಡಿಗೊಂದು ಕಾಲರ್. ನಿಮ್ಮ ಕೈಲಿ ಎಲ್ಲಾಗುತ್ತೆ ಬಿಡಿ," ಎಂದ.

ಕೆಣಕಿದ್ದೇ ತಡ, ಕಟ್ಟಳೆ ಗಾಳಿಗೆ ಹೋಯಿತು. ಹತ್ತು ಕಾಲರ್ ಹೊಲಿದಳು. ಒಂದೊಂದಕ್ಕೆ ಮೂವತ್ತೆಂಟು ಸೆಕೆಂಡ್. ಅವನು "ಭೇಷ್" ಎಂದಾಗ ಅವಳು ಪಕ್ಕದ ಮೆಷಿನ್ನಿನ ದೊಡ್ಡಕ್ಕನ ಕಡೆ ನೋಡಲಿಲ್ಲ.

ಆ ಹತ್ತೂ ಕಾಲರಿನ ತುಂಡುಗಳನ್ನು ಜೋಡಿಸಿ, ಅಂಚು ಸರಿಮಾಡಿ, ಎಡಗೈಯಲ್ಲಿ ಅವಳ ಕೈಗೆಟುಕುವಂತೆ ಸರಿಸಿದವಳು ದೊಡ್ಡಕ್ಕ. ತಾನು ಹೊಲಿಯುತ್ತಲೇ ಪಕ್ಕದವಳಿಗೂ ಜೋಡಿಸಿಕೊಡುವುದು ಅವಳ ಹಳೆಯ ರೂಢಿ. ಗಡಿಯಾರದವನ ಕಣ್ಣು ಸೂಜಿಯ ಮೇಲಿತ್ತು. ಆ ಎಡಗೈ ಅವನಿಗೆ ಕಾಣಲಿಲ್ಲ.

ಇಂದು ಊಟದ ಬಿಡುವು ಮುಗಿಯುವ ಹೊತ್ತಿಗೆ ಮ್ಯಾನೇಜರ್ ಬೆಂಚು ಹತ್ತಿದ.

"ದೇಶ ಉದ್ಧಾರ ಆಗೋದು ಹೇಗೆ? ಅದೇ ಕೈ, ಅದೇ ಗಂಟೆ, ಹೆಚ್ಚು ಮಾಲು! ಮಾಲು ಏರಿದ್ರೆ ದೇಶ ಏರುತ್ತೆ, ನಿಮ್ಮ ಸಂಬಳನೂ ಏರುತ್ತೆ."

"ಎರಡು ವರ್ಷದಿಂದ ಮಾಲು ಏರ್ತಾನೇ ಇದೆಯಲ್ಲ ಸಾರ್, ಸಂಬಳಕ್ಕೇನು ಮಂಡಿನೋವಾ?" ಎಂದಳು ಇಸ್ತ್ರಿಯವಳು. ಸಾಲಿಗೆ ಸಾಲೇ ನಕ್ಕಿತು.

ಅವನು ನಗಲಿಲ್ಲ. "ನಾಳೆಯಿಂದ ಎಲ್ಲರಿಗೂ ಮೂವತ್ತೆಂಟು ಸೆಕೆಂಡ್. ಮೊನ್ನೆ ಅಳೆದಾಗ ಅರವತ್ತು ದಾಟಿದವರು ಒಬ್ಬರೇ." ದೊಡ್ಡಕ್ಕನ ಕಡೆ ಬೆರಳು ತೋರಿಸಿದ. "ಅರವತ್ತೆಂಟು. ಸಂಜೆ ಕಾರ್ಡು ಒಪ್ಪಿಸಿ ಹೋಗಿಬಿಡಿ."

ಇಪ್ಪತ್ತೆರಡು ವರ್ಷದ ಕೆಲಸ. ದೊಡ್ಡಕ್ಕ ಕನ್ನಡಕ ತೆಗೆದು ಒರೆಸಿಕೊಂಡಳು. ಬೈಯಲಿಲ್ಲ, ಬೈದಿದ್ದರೆ ಮಿಂಚು ತಿರುಗಿ ಬೈದಾದರೂ ಹಗುರಾಗುತ್ತಿದ್ದಳು. "ಒಬ್ಬಳ ಕೈಲಿ ಅಷ್ಟು ಆಗಲ್ಲ ಕಣೇ. ಭುಜ ಬಿದ್ದುಹೋಗುತ್ತೆ, ಹುಷಾರು," ಎಂದಳು.

ಮಿಂಚುವಿಗೆ ನೆಲ ಬಾಯ್ಬಿಡಬಾರದೇ ಎನಿಸಿತು. ಎರಡು ದಿನ ಆ "ಭೇಷ್" ಅನ್ನು ಬೆಲ್ಲದಂತೆ ಚಪ್ಪರಿಸಿದ್ದಳು. ಅದು ಯಾರ ಬೆವರೆಂದು ಗೊತ್ತಿದ್ದೂ ಚಪ್ಪರಿಸಿದ್ದಳು. ಎದ್ದು ನಿಂತಳು.

"ಸಾರ್, ಆ ಮೂವತ್ತೆಂಟು ನಂದಲ್ಲ. ಜೋಡಿಸಿಕೊಟ್ಟಿದ್ದು ಅಕ್ಕ, ನಾನು ಬರೀ ಹೊಲಿದೆ. ಅವರು ನಿಧಾನ ಅಲ್ಲ, ನನ್ನ ಅರ್ಧ ಕೆಲಸ ಅವರ ತಲೆ ಮೇಲೆ ಬಿದ್ದಿತ್ತು. ನನ್ನೊಬ್ಬಳನ್ನೇ ಕೂರಿಸಿ ಇನ್ನೊಂದ್ಸಲ ಅಳೀರಿ."

ಮ್ಯಾನೇಜರ್ ಗಡಿಯಾರದವನ ಮುಖ ನೋಡಿದ. ಅವನು ಕಾಗದ ತಿರುವಿ ಹಾಕಿದ. "ಮೇಲಿನವರಿಗೆ ಕಳಿಸಿಯಾಯ್ತು ಸಾರ್. ಅವರು ಒಪ್ಪಿಯೂ ಆಯ್ತು."

"ಕೇಳಿಸ್ತಾ? ನಂದಲ್ಲ ಅಂದ್ಯಲ್ಲ, ನಾಳೆಯಿಂದ ನಿಂದು ಮಾಡ್ಕೋ," ಎಂದು ಮ್ಯಾನೇಜರ್ ಬೆಂಚಿನಿಂದಿಳಿದು ನಡೆದ.

ಗಂಟೆ ಹೊಡೆಯಿತು. ಒಂದು ಮೆಷಿನ್ನೂ ಶುರುವಾಗಲಿಲ್ಲ. ಮೂವತ್ತು ಜೊತೆ ಕಣ್ಣುಗಳು ಅವಳ ಮೇಲೆಯೇ ಇದ್ದವು.

"ಎರಡು ದಿನದಿಂದ ಬಾಯಲ್ಲಿ ಬಾಬಿನ್ ಇಟ್ಕೊಂಡಿದ್ಯೇನೇ?" ಎಂದಳು ಇಸ್ತ್ರಿಯವಳು.

ಈ ಸಲ ಯಾರೂ ನಗಲಿಲ್ಲ. ಮಿಂಚು ನಿಂತೇ ಇದ್ದಳು. ದೊಡ್ಡಕ್ಕನ ಪಕ್ಕ ಹೋಗಿ ಕೂರಲು ಅವಳಿಗೆ ಮುಖವಿರಲಿಲ್ಲ.