ಹಾಲಿನ ಲೋಟದ ಕೈ

"ಕೈ ಇನ್ನೂ ಸ್ವಲ್ಪ ಬೆಳಕಿಗೆ ತನ್ನಿ. ಆ ಮಚ್ಚೆ ಕಾಣ್ಬೇಕು ನಂಗೆ," ಎಂದ ನಿರ್ದೇಶಕ.

ಅವಳು ಕೈ ಮುಂದೆ ಮಾಡಲಿಲ್ಲ. ಅಡುಗೆಮನೆಯ ಸೆಟ್ಟಿನ ಕಟ್ಟೆಯ ಮೇಲೆ ಹಾಲಿನ ಲೋಟ, ಪಕ್ಕದಲ್ಲಿ ಬಿಳಿ ಮಾತ್ರೆಗಳು. ಅವಳ ಕಂದು ಕೈಯ ಮೇಲೆ ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಬಿಳುಪು ಹಬ್ಬಿತ್ತು, ಯಾರೋ ನಿದ್ದೆಗಣ್ಣಲ್ಲಿ ನಕಾಶೆ ಬರೆದ ಹಾಗೆ. ಚಂದ್ರನ ಮುಖ ತೊಳೆಯುವಾಗ ಸಿಡಿದ ಹನಿಗಳಿವು ಎಂದು ಚಿಕ್ಕಂದಿನಲ್ಲಿ ಅಜ್ಜಿ ಹೇಳಿದ್ದಳು. ಶಾಲೆಯಲ್ಲಿ ಯಾರೂ ಆ ಕಥೆ ಕೇಳಿರಲಿಲ್ಲ.

ಇಷ್ಟು ವರ್ಷ, ಗುಂಪಿನಲ್ಲಿ ನಿಂತು ಹೋಗುವ ಪಾತ್ರಕ್ಕೂ ಮೇಕಪ್ ಮಾಮ ಆ ಕೈಗೆ ಬಣ್ಣ ಮೆತ್ತಿಯೇ ಕಳಿಸುತ್ತಿದ್ದ. ಈ ನಿರ್ದೇಶಕ ಮಾತ್ರ, "ಹಾಗೇ ಇರ್ಲಿ. ನಮ್ಮ ಸಿನಿಮಾದಲ್ಲಿ ಎಲ್ಲ ಥರದೋರೂ ಕಾಣ್ಬೇಕು," ಎಂದಿದ್ದ. ನಾದಿನಿಯ ಪಾತ್ರ. ಬಟ್ಟೆ ಮಡಿಸುತ್ತಾಳೆ, ಅತ್ತಿಗೆಯನ್ನು ರೇಗಿಸುತ್ತಾಳೆ, ಫೋನಿನಲ್ಲಿ ಬಿದ್ದು ಬಿದ್ದು ನಗುತ್ತಾಳೆ. ಕೈಯ ಬಗ್ಗೆ ಯಾರೂ ತುಟಿ ಬಿಚ್ಚುವುದಿಲ್ಲ. ಅದಕ್ಕೇ ಅವಳು ಇವತ್ತು ಮಗಳನ್ನು ಕರೆತಂದಿದ್ದಳು. ಮಗಳ ಮಂಡಿಯ ಮೇಲೆ ಮೊನ್ನೆ ಮೊನ್ನೆ ಮೊದಲ ಚುಕ್ಕಿ ಮೂಡಿತ್ತು.

ಬಂದು ನೋಡಿದರೆ ಕಥೆಯೇ ಬದಲಾಗಿತ್ತು. ಹೆಂಡತಿಯ ಹಾಲಿಗೆ ವಿಷ ಬೆರೆಸುವವನು ಗಂಡನಲ್ಲವಂತೆ, ನಾದಿನಿಯಂತೆ. ಮುಖ ತೋರಿಸುವುದಿಲ್ಲ, ಕೈ ಮಾತ್ರ.

"ಗಂಡನೇ ಅಂತ ಇತ್ತಲ್ಲ ಸಾರ್?"

"ಗಂಡನ ಕೈ ಯಾರಿಗೆ ಗುರುತು ಸಿಗತ್ತೆ ಹೇಳಿ? ನಿಮ್ಮದಾದ್ರೆ ಥಿಯೇಟರಿಗೆ ಥಿಯೇಟರೇ ಝಲ್ ಅನ್ನತ್ತೆ." ಹೊಸ ಆಟಿಕೆ ಸಿಕ್ಕವನ ಹಾಗೆ ಅವನ ಕಣ್ಣು ಹೊಳೆಯುತ್ತಿತ್ತು.

"ನಾನು ಮಾಡಲ್ಲ ಅಂದ್ರೆ?"

"ಬೇರೆಯವರನ್ನ ನೋಡ್ಕೊತೀನಿ. ತೆಗೆದಿರೋದೆಲ್ಲ ಮತ್ತೆ ತೆಗೀಬೇಕು. ತೆಗೀತೀನಿ."

ಮಾನಿಟರಿನ ಪಕ್ಕ ಕುಳಿತಿದ್ದ ಮಗಳು ಕತ್ತು ಚಾಚಿದಳು. "ಅಮ್ಮಾ, ವಿಷ ಹಾಕೋದು ನೀನೇನಾ?" ದನಿಯಲ್ಲಿ ಹೆಮ್ಮೆ ಉಕ್ಕುತ್ತಿತ್ತು. ಮಂಡಿ ಸವರಿಕೊಂಡು ಕೇಳಿದಳು: "ನಂಗೂ ಕೈವರೆಗೂ ಬಂದ್ರೆ, ದೊಡ್ಡೋಳಾದ್ಮೇಲೆ ನಾನೂ ಹಾಕ್ಬೋದಾ?"

ಲೈಟಿನವರು ಯಾರೋ ಕಿಸಕ್ಕೆಂದರು. ಮೇಕಪ್ ಮಾಮ ನಗಲಿಲ್ಲ.

ಶಾಟಿಗೆಂದು ಅವಳು ಆಗಲೇ ಎತ್ತಿಕೊಂಡಿದ್ದ ಒಂದು ಮಾತ್ರೆ ಅಂಗೈಗೆ ಅಂಟಿತ್ತು. ಅದನ್ನು ಬಿಡಿಸಿ ಕಟ್ಟೆಯ ಮೇಲಿಟ್ಟಳು.

"ಸಾರ್, ಇಂಥ ಕೈಯೇ ಹಾಕ್ಲಿ. ಆದ್ರೆ ಅದು ನಂದಾಗಿರಲ್ಲ."

"ಒಗಟು ಬೇಡ ತಾಯಿ, ಹೊತ್ತು ಹೋಗ್ತಿದೆ."

"ಗಂಡ ತನ್ನ ಕೈಗೆ ಮಚ್ಚೆ ಬಳ್ಕೊಂಡಿರ್ತಾನೆ, ತಪ್ಪು ತಂಗಿ ತಲೆಗೆ ಕಟ್ಟೋಕೆ. ಬಾಗಿಲ ಸಂದೀಲಿ ನೋಡಿದ ಹೆಂಡ್ತಿ ನಾದಿನೀನೇ ಅಂದ್ಕೊತಾಳೆ. ಥಿಯೇಟರಲ್ಲಿ ಕೂತೋರೂ ಅಂದ್ಕೊತಾರೆ." ಅವಳು ನಿರ್ದೇಶಕನತ್ತ ತಿರುಗಿದಳು. "ನೀವು ಅಂದ್ಕೊಂಡ್ರಲ್ಲ, ಹಾಗೆ. ಕೊನೇಲಿ ಅವನು ಕೈ ತೊಳ್ಕೊತಾನೆ."

ನಿರ್ದೇಶಕ ಪೆನ್ನಿನ ಮುಚ್ಚಳ ಕಚ್ಚುತ್ತ ಲೋಟವನ್ನೇ ನೋಡಿದ.

"ಆಗ ಈ ಕ್ಲೋಸಪ್ಪು ನಿಮಗಿಲ್ಲ."

"ಗೊತ್ತು ಸಾರ್."

"ಮಾಮ, ಬರೆಯೋಕಾಗತ್ತಾ?"

"ಇಷ್ಟು ವರ್ಷ ಮುಚ್ಚಿದೋನು ನಾನು. ಎಲ್ಲೆಲ್ಲಿದೆ ಅಂತ ಗೊತ್ತಿಲ್ವಾ? ಹೀರೋ ಸಾಹೇಬ್ರ ಕರಡಿ ಕೂದಲು ಮೊದಲು ಬೋಳಿಸ್ಬೇಕು, ಅಷ್ಟೇ."

ಗಂಡನ ಪಾತ್ರದವನ ಕೈ ಪಕ್ಕದಲ್ಲಿ ಅವಳು ತನ್ನ ಕೈ ಇಟ್ಟು ಕುಳಿತಳು. ಮಾಮ ನೋಡಿ ನೋಡಿ ಬರೆದ.

"ತಿಕ್ಕಿದ್ರೆ ಹೋಗತ್ತೆ ತಾನೆ ಮಾಮಾ?" ಎಂದ ಹೀರೋ. ಆಮೇಲೆ ಅವಳತ್ತ ನೋಡಿ, "ಸಾರಿ ಅಕ್ಕ," ಎಂದು ತಲೆ ತಗ್ಗಿಸಿದ.

ಹೀರೋ ತೊಟ್ಟ ನಾದಿನಿಯ ಸ್ವೆಟರಿನ ತೋಳಿನೊಳಗಿಂದ ಆ ಕೈ ಬೆಳಕಿಗೆ ಬಂತು. ಮಾತ್ರೆಗಳು ಹಾಲಿಗೆ ಬಿದ್ದವು. ಮಾನಿಟರಿನ ಮುಂದೆ ಮಗಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಕಟ್! ಸಖತ್!"

ಎಣ್ಣೆ ಅದ್ದಿದ ಹತ್ತಿಯಿಂದ ಮಾಮ ಹೀರೋನ ಕೈ ಒರೆಸತೊಡಗಿದ. ಬೆರಳಿಂದ ಬೆರಳಿಗೆ ಬಿಳುಪು ಅಳಿದು ಕಂದು ಚರ್ಮ ಹೊರಬಂತು. ಮಗಳು ಹತ್ತಿರ ಹೋಗಿ ಕಣ್ಣು ಮಿಟುಕಿಸದೆ ನೋಡಿದಳು.

"ಮಾಮಾ, ನಂಗೂ ಒಂಚೂರು ಕೊಡಿ."

ಎಲ್ಲಿಗೂ ಹೋಗದ ಸೆಟ್ಟಿನ ಮೆಟ್ಟಿಲ ಮೇಲೆ ಕುಳಿತು, ಲಂಗ ಮಂಡಿಯಿಂದ ಮೇಲಕ್ಕೆ ಸರಿಸಿ, ಮಗಳು ಆ ಚುಕ್ಕಿಯನ್ನು ಒಮ್ಮೆ ತಿಕ್ಕಿದಳು. ಬಗ್ಗಿ ನೋಡಿದಳು. ಹತ್ತಿಯನ್ನು ಮಗುಚಿ, ಕೊಳೆಯಾಗದ ಬದಿಯಿಂದ ಮತ್ತೆ ತಿಕ್ಕಿದಳು.