ವಹೀದಾ ಕೊಡದ ಹಾಲು

ಕೂಸನ್ನು ಎದೆಗೆ ಹಚ್ಚಿಕೊಂಡು ಕೂತರೆ ವಹೀದಾಳಿಗೆ ಎಚ್ಚರ ಎಲ್ಲಿ ಮುಗಿಯಿತು, ನಿದ್ದೆ ಎಲ್ಲಿ ಶುರುವಾಯಿತು ತಿಳಿಯುತ್ತಲೇ ಇರಲಿಲ್ಲ. ಮನೆ ಭಾಲ್ಕಿ ಸ್ಟೇಷನ್ನಿನ ಹಿಂದೆ. ಮಧ್ಯಾಹ್ನದ ಗಾಡಿ ಕೂಗಿತೆಂದರೆ ಅದು ಹಳಿ ಬಿಟ್ಟು ಅವರ ಹಿತ್ತಲಿಗೇ ಬಂದು, ಸದ್ದಿಲ್ಲದೆ, ಮೋಡ ಹಾದಂತೆ ಹಾದುಹೋಗುತ್ತಿತ್ತು. ಒಂದೊಂದು ಕಿಟಕಿಯಲ್ಲೂ ಒಬ್ಬೊಬ್ಬ ತಾಯಿ ಕೂತು ಮಗುವಿಗೆ ಹಾಲು ಕುಡಿಸುತ್ತಿದ್ದಳು. ಕಣ್ಣು ಬಿಟ್ಟರೆ ನುಗ್ಗೆಮರ, ತಂತಿಯ ಮೇಲೆ ಅರ್ಫಾತನ ಅಂಗಿ, ತೊಡೆಯ ಮೇಲೆ ಐದು ತಿಂಗಳ ಅರ್ಫಾತ. ಅವಳಿಗೆ ಎರಡೂ ನಿಜವೆನಿಸುತ್ತಿದ್ದವು.

ವಹೀದಾಳ ರಕ್ತದಲ್ಲಿ ಎಚ್ಐವಿ ಇತ್ತು. ಬಸುರಿದ್ದಾಗ ಬೀದರಿನಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಗೊತ್ತಾಗಿದ್ದು. ಮೋಟಾರ್ ರಿಪೇರಿ ಅಂಗಡಿ ಇಟ್ಟ ಗಂಡ ಕಲೀಮನಿಗೂ ಇತ್ತು. ಯಾರಿಂದ ಯಾರಿಗೆ ಬಂತೆಂದು ಇಬ್ಬರೂ ಮಾತು ಬಿಟ್ಟು, ಮುಖ ತಿರುಗಿಸಿಕೊಂಡು ಕೆಲವು ದಿನ ಕಳೆದರು. ಆಮೇಲೆ ಒಂದು ಸಂಜೆ ಒಂದೇ ತಾಟಿನಲ್ಲಿ ಅಳುತ್ತ ಉಂಡರು. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು. ಆದರೆ ವಿಷಯ ಮೂರನೆಯವರ ಕಿವಿಗೆ ಬೀಳಬಾರದೆಂದು ಅದೇ ತಾಟಿನ ಮೇಲೆ ಕೈಯಿಟ್ಟು ಆಣೆ ಮಾಡಿಕೊಂಡರು. ಗುಳಿಗೆ ಯಾವುದರದ್ದೆಂದು ಅತ್ತೆ ಅನ್ವರಿ ಬೇಗಂ ಕೇಳಿದರೆ ರಕ್ತ ಕಡಿಮೆ ಇದ್ದದ್ದಕ್ಕೆ ಎಂಬ ಉತ್ತರ ತಯಾರಿತ್ತು.

ಬೀದರಿನಲ್ಲಿ ಗುಳಿಗೆ ಕೊಡುವ ಕಡೆ ಪ್ರಣಾಲಿ ಎಂಬ ಹುಡುಗಿ ಕೂತು ಬಂದವರಿಗೆ ತಿಳಿಸಿ ಹೇಳುತ್ತಿದ್ದಳು. "ಗುಳಿಗಿ ಒಂದ್ ದಿನಾನೂ ತಪ್ಪಿಸಬ್ಯಾಡ್ರಿ ಅಕ್ಕಾ. ಗುಳಿಗಿ ಸರಿ ತಗೊಂಡ್ರ ನಿಮ್ಮ ಹಾಲಿಂದ ಕೂಸಿಗೆ ಬರೋ ಅಂಜಿಕಿ ಭಾಳ ಕಡಿಮಿ. ಆರು ತಿಂಗಳು ನಿಮ್ಮ ಹಾಲು ಬಿಟ್ಟು ಮತ್ತೇನೂ ಬ್ಯಾಡ. ನೀರು ಬ್ಯಾಡ, ಜೇನು ಬ್ಯಾಡ, ಬೇರು ತೇಯ್ದ ಘುಟ್ಟಿ ಬ್ಯಾಡ. ಎದಿಹಾಲಿನ ಜೋಡಿ ಆಕಳ ಹಾಲು, ಪುಡಿ ಹಾಲು ಅಂಥಾ ಮ್ಯಾಲಿನ ಹಾಲು ಕಲಸಿ ಕೊಟ್ರನ ಅಪಾಯ."

ಹೇಳುವುದು ಸುಲಭ. ಹತ್ತಾರು ಕೂಸುಗಳಿಗೆ ಜೇನು ನೆಕ್ಕಿಸಿ ಬೆಳೆಸಿದ ಅನ್ವರಿ ಬೇಗಮರ ಕೈ ಹಿಡಿಯುವುದು ಯಾರಿಂದಾದೀತು? ಅರ್ಫಾತ ಹುಟ್ಟಿದ ದಿನ ಅವರು ಖರ್ಜೂರ ಅರೆದು ಬೆರಳಿಗೆ ಹಚ್ಚಿಕೊಂಡು ಬಂದಾಗ ವಹೀದಾ ಕೂಸನ್ನು ಎದೆಗೆ ಅವುಚಿಕೊಂಡು "ಡಾಕ್ಟರ್ ಬ್ಯಾಡ ಅಂದಾರ್ರಿ ಅಮ್ಮೀ" ಎಂದಿದ್ದಳು. ಅಂದಿನಿಂದ ಆ ಮನೆಯಲ್ಲಿ ಎಲ್ಲ ಪಾಪವೂ ಡಾಕ್ಟರ ತಲೆಗೇ.

"ಬಿಸಿಲಾಗ ಒಂದ್ ಗುಟುಕ್ ನೀರೂ ಬ್ಯಾಡೇನು? ಏನ್ ಡಾಕ್ಟರ್ ಇದ್ದಾನವ, ಮನ್ಯಾಗ ಮಕ್ಕಳಿಲ್ಲೇನು ಅವಗ?" ಎಂದು ಅತ್ತೆ ದಿನಕ್ಕೊಮ್ಮೆ ಆ ಕಾಣದ ಡಾಕ್ಟರನ ಜನ್ಮ ಜಾಲಾಡುತ್ತಿದ್ದರು.

ಆರು ವಾರಕ್ಕೆ ಅರ್ಫಾತನ ರಕ್ತ ನೋಡಿದರು. ಏನೂ ಇರಲಿಲ್ಲ. ಇನ್ನೂ ಪರೀಕ್ಷೆಗಳು ಉಳಿದಿದ್ದವು, ಆದರೂ ಆ ದಿನ ವಹೀದಾ ಬೀದರಿನಿಂದ ಭಾಲ್ಕಿಯವರೆಗೂ ಬಸ್ಸಿನಲ್ಲಿ ತನ್ನಷ್ಟಕ್ಕೆ ನಗುತ್ತ ಬಂದಳು.

ಔರಾದಿಗೆ ಕೊಟ್ಟಿದ್ದ ನಾದಿನಿ ಜೇಬಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣುಮಗು ಹುಟ್ಟಿತು, ಅಂಬರೀನ ಎಂದು ಕರೆದರು. ಮಗುವಿಗೆ ಹತ್ತು ದಿನವಾಗಿತ್ತೋ ಇಲ್ಲವೋ, ಜೇಬಾಳಿಗೆ ಜ್ವರ ನೆತ್ತಿಗೇರಿತು. ಡೆಂಗ್ಯೂ ಎಂದು ಬೀದರಿಗೆ ಒಯ್ದು ಆಸ್ಪತ್ರೆಗೆ ಸೇರಿಸಿದರು, ಗಂಡ ಅಲ್ಲೇ ಉಳಿದ. ಕೂಸು ಅಜ್ಜಿಯ ಮಡಿಲಲ್ಲಿ ಭಾಲ್ಕಿಯಲ್ಲೇ ಉಳಿಯಿತು.

ಹಸಿದ ಅಂಬರೀನ ಅಳತೊಡಗಿದಳು. ಮೆಡಿಕಲ್ಲಿನಿಂದ ತಂದ ಪುಡಿ ಹಾಲನ್ನು ಚಮಚದಲ್ಲಿ ಬಾಯಿಗಿಟ್ಟರೆ ಉಗುಳಿದಳು. ಅನ್ವರಿ ಬೇಗಂ ಸೊಸೆಯ ಕಡೆ ನೋಡಿದರು. ನೆರೆಮನೆಯ ಅಕ್ತರಬೀಯೂ ನೋಡಿದಳು.

"ಎದ್ದು ಕುಡಸು ವಹೀದಾ. ಯಾಕ ಕುಂತಿ?" ಎಂದರು ಅತ್ತೆ.

ವಹೀದಾ ಅಲುಗಲಿಲ್ಲ. ಆದರೆ ಎದೆ ಕೇಳಬೇಕಲ್ಲ! ಅದಕ್ಕೆ ಯಾರ ಕೂಸು, ಯಾವ ರೋಗ ಎಂಬುದರ ಪರಿವೆಯಿಲ್ಲ. ಅಂಬರೀನಳ ಅಳು ಕಿವಿಗೆ ಬಿದ್ದದ್ದೇ ತಡ, ಹಾಲು ತಾನಾಗಿ ಇಳಿದು ಕುಪ್ಪಸ ತೊಯ್ದು, ಓಢಣಿಯ ಮೇಲೆ ಎರಡು ಕಲೆ ಮೂಡಿ ದೊಡ್ಡವಾಗುತ್ತ ಹೋದವು.

"ನೋಡು, ನಿನ್ನ ಹಾಲೇ ಕರೀಲಿಕತ್ಯಾದ" ಎಂದು ಅಕ್ತರಬೀ ನಕ್ಕಳು.

ಅತ್ತೆ ಕೂಸನ್ನು ತಂದು ಅವಳ ತೊಡೆಯ ಮೇಲಿಟ್ಟೇಬಿಟ್ಟರು. ಪುಟ್ಟ ಬಾಯಿ ಓಢಣಿಯ ಮೇಲೆ ತಡಕಾಡಿತು. ವಹೀದಾಳಿಗೆ ಕೋಣೆ ತೇಲಿದಂತಾಯಿತು. ತನ್ನ ಮಗನಿಗೆ ಕೊಡುವಾಗ ಗುಳಿಗೆ, ಪರೀಕ್ಷೆ, ಪ್ರಣಾಲಿಯ ಮಾತು ಎಲ್ಲ ಬೆನ್ನಿಗಿದ್ದವು. ಇದು ಪರರ ಕೂಸು. ಸಾವಿರಕ್ಕೆ ಒಂದು ಪಾಲು ಅಂಜಿಕೆಯಿದ್ದರೂ ಅದನ್ನು ಇದರ ಬಾಯಿಗಿಡಲು ತಾನ್ಯಾರು? ಇಲ್ಲ ಎಂದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಮನೆ ಉಳಿಯುವುದಿಲ್ಲ. ಡಾಕ್ಟರನ ಹೆಸರು ಇಲ್ಲಿ ನಡೆಯುವಂತಿರಲಿಲ್ಲ. ಅವಳಿಗೆ ಅಳು ಬಂತು, ಆ ಅಳುವಿನೊಳಗಿಂದ ಅವಳು ಎಣಿಸದೇ ಇದ್ದ ಮಾತೊಂದು ಬಾಯಿಗೆ ಬಂತು.

"ನಾ ಕುಡಸಿದ್ರ ಇವ್ರಿಬ್ರೂ ಹಾಲಿನ ಅಣ್ಣ-ತಂಗಿ ಆಗ್ತಾರಲ್ರಿ ಅಮ್ಮೀ. ಆಮ್ಯಾಲ ನಿಕಾಹ್ ಹ್ಯಾಂಗ ಮಾಡೋದು?"

"ಯಾರ ನಿಕಾಹ್?"

"ಅಂಬರೀನಳನ್ನ ನಮ್ಮ ಅರ್ಫಾತಗ ಕೇಳಬೇಕಂತ ನನ್ನ ಮನಸ್ಸಿನಾಗ ಅದರಿ."

ಒಂದು ಕ್ಷಣ ಅಂಬರೀನ ಕೂಡ ಅಳು ನಿಲ್ಲಿಸಿದಳು. ಆಮೇಲೆ ಅನ್ವರಿ ಬೇಗಮರ ಮುಖ ಅರಳಿದ್ದನ್ನು ನೋಡಬೇಕಿತ್ತು! ಒಬ್ಬಳ ಹಾಲು ಒಂದು ಗುಟುಕು ಕುಡಿದರೂ ಇಬ್ಬರು ಒಡಹುಟ್ಟಿದವರ ಲೆಕ್ಕ, ಮದುವೆ ಹರಾಮು. ಇಷ್ಟು ದೊಡ್ಡ ಮಾತು ತನ್ನ ತಲೆಗೆ ಹೊಳೆಯಲಿಲ್ಲವಲ್ಲ ಎಂದು ಅವರು ಕೂಸನ್ನು ಸರಕ್ಕನೆ ಎತ್ತಿಕೊಂಡರು. ಮಗನ ಮಗ, ಮಗಳ ಮಗಳು. ಮನೆಯ ಹುಡುಗಿ ಮನೆಗೇ. ಸೊಸೆಯ ತಲೆ ಸವರಿ ನೆಟಿಗೆ ಮುರಿದರು, ಅಕ್ತರಬೀಯ ಬಾಯಿಗೆ ಸಕ್ಕರೆ ಹಾಕಿದರು. ಸಂಜೆಯೊಳಗೆ ಔರಾದಿಗೆ ಫೋನು ಹೋಯಿತು. ಜೇಬಾಳ ಮಾವ ಖಾಸಿಂ ಅಲಿ, ಸೊಸೆ ಚೇತರಿಸಿಕೊಳ್ಳಲಿ, ಮಾತು ಗಟ್ಟಿ ಮಾಡಲು ತಾವೇ ಸಕ್ಕರೆ ತಾಟು ಹಿಡಿದು ಬರುವುದಾಗಿ ಹೇಳಿದರು.

ಅಂಬರೀನಳಿಗೆ ಚಮಚದ ರೂಢಿಯಾಯಿತು. ಆ ಕೆಲಸವನ್ನು ವಹೀದಾ ಯಾರಿಗೂ ಬಿಟ್ಟುಕೊಡಲಿಲ್ಲ. ನೀರು ಕುದಿಸಿ ಆರಿಸಿ, ಪುಡಿ ಕಲಸಿ, ಹನಿಹನಿಯಾಗಿ ಕುಡಿಸುತ್ತ ಕೂರುತ್ತಿದ್ದಳು. ಕುಡಿಸುತ್ತ ಕುಡಿಸುತ್ತ ಅವಳಿಗೆ ತೂಕಡಿಕೆ ಬರುತ್ತಿತ್ತು, ತೂಕಡಿಕೆಯಲ್ಲಿ ಔರಾದು ಬರುತ್ತಿತ್ತು. ಅಲ್ಲಿ ಚಪ್ಪರ ಹಾಕಿದ್ದರು. ಮೀಸೆ ಬಂದ ಅರ್ಫಾತ ಹೂವಿನ ಸೆಹ್ರಾದೊಳಗಿಂದ ಇಣುಕಿ ನಗುತ್ತಿದ್ದ. ಕೆಂಪು ಸೀರೆಯ ಅಂಬರೀನಳನ್ನು ಹಿರಿಯರು ಕೇಳುತ್ತಿದ್ದರು, ನೀನು ಯಾರ ಹಾಲು ಕುಡಿದವಳು? ಮೆಡಿಕಲ್ ಅಂಗಡಿಯದು ಎಂದು ಆ ಹುಡುಗಿ ಜೋರಾಗಿ ಹೇಳುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ವಹೀದಾಳೂ ಅಲ್ಲಿದ್ದಳು, ತಲೆಗೂದಲು ಬೆಳ್ಳಗಾಗಿ, ಬದುಕಿಯೇ ಇದ್ದಳು. ಆ ಕನಸಿನಲ್ಲಿ ಅವಳಿಗೆ ಎಲ್ಲಕ್ಕಿಂತ ಸಿಹಿಯಾದದ್ದು ಅದೇ. ತಾನು ಹೇಳಿದ ಸುಳ್ಳನ್ನು ತಾನೇ ಪ್ರೀತಿಸತೊಡಗಿದ್ದಳು.

ಜೇಬಾ ಮರಳಿ ಬಂದಳು. ಬಡಕಲಾಗಿದ್ದಳು, ಆದರೆ ನರ್ಸು ಹೇಳಿಕೊಟ್ಟಂತೆ ದಿನವೂ ಹಾಲು ಹಿಂಡಿ ತೆಗೆದದ್ದರಿಂದ ಎದೆ ಬತ್ತಿರಲಿಲ್ಲ. ಅಂಬರೀನ ತಾಯಿಯ ಎದೆಗೆ ಮರಳಿದಳು. ಮರುದಿನ ಮಧ್ಯಾಹ್ನ ಇಬ್ಬರೂ ಹಿತ್ತಲ ಕಟ್ಟೆಯ ಮೇಲೆ ಕೂಸುಗಳನ್ನಿಟ್ಟುಕೊಂಡು ಕೂತಿದ್ದಾಗ ಜೇಬಾ ಕೇಳಿದಳು.

"ಭಾಭಿ, ನಂದು ಚಾಚಾನ ಮಗನ ಜೋಡಿ ನಿಕಾಹ್ ಗೊತ್ತಾದಾಗ ಸಂಬಂಧದಾಗ ಬ್ಯಾಡಂತ ಅಬ್ಬಾನ ಮುಂದ ಜಗಳಾ ಮಾಡಿದವ್ರು ನೀವೊಬ್ರೇ. ಈಗ ನೀವೇ ನನ್ನ ಮಗಳನ್ನ ಕೇಳೀರಂದ್ರ ನಾ ಹ್ಯಾಂಗ ನಂಬಲಿ? ಕೂಸು ಅಳೋದು ಕಂಡೂ ಹಾಲು ಕೊಡದೇ ಇರೋವರಲ್ಲ ನೀವು. ಏನಾಗ್ಯಾದ್ರಿ?"

ಗಾಡಿ ಕೂಗಿತು. ವಹೀದಾ ಕಣ್ಣು ಮುಚ್ಚಿದಳು. ಗಾಡಿ ಹಿತ್ತಲಿಗೆ ಬಂದು ನಿಂತಿತು, ಕಿಟಕಿಯ ತಾಯಂದಿರೆಲ್ಲ ಅವಳನ್ನೇ ನೋಡಿದರು. ಹೇಳು ಎಂದರೋ ಬೇಡ ಎಂದರೋ ತಿಳಿಯಲಿಲ್ಲ. ಅವಳು ರೋಗ, ಗುಳಿಗೆ, ಬೇರೆ ಹಾಲು ಬೆರೆತರೆ ಅಪಾಯ, ಎಲ್ಲ ಹೇಳಿಬಿಟ್ಟಳು.

ಜೇಬಾಳ ಕೈ ಅಂಬರೀನಳನ್ನು ಗಬಕ್ಕನೆ ಎಳೆದುಕೊಂಡಿತು. ಅವಳು ಒಂದೇ ಮಾತು ಕೇಳಿದಳು. "ಅರ್ಫಾತಗ?"

"ಇಲ್ಲ. ನೋಡ್ಯಾರ, ಅವಗಿಲ್ಲ."

ಜೇಬಾ ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ವಹೀದಾ ಒಳಗೆ ಬಂದು ನೋಡಿದರೆ, ತಾನು ಕೂಸಿಗೆ ಕುಡಿಸುತ್ತಿದ್ದ ಚಮಚ, ವಾಟಿ ಒಲೆಯ ಮೇಲೆ ಕುದಿಯುತ್ತಿದ್ದವು. ಚಮಚದಿಂದ ಆ ರೋಗ ಬರುವುದಿಲ್ಲವೆಂದು ಹೇಳಬಹುದಿತ್ತು. ಇಷ್ಟು ವರ್ಷ ಭಾಭಿ ಭಾಭಿ ಎಂದು ಸೆರಗು ಹಿಡಿದು ತಿರುಗಿದ ಹುಡುಗಿ ಹೀಗೆ ಮಾಡಿದಳಲ್ಲ ಎಂದು ಅವಳಿಗೆ ಸಂಕಟವಾಯಿತು. ಆಮೇಲಿನ ದಿನಗಳಲ್ಲಿ ಜೇಬಾ ಅಂಬರೀನಳನ್ನು ಅವಳ ಕೈಗೆ ಕೊಡಲಿಲ್ಲ, ಯಾರ ಮುಂದೆಯೂ ಬಾಯಿ ಬಿಡಲೂ ಇಲ್ಲ. ಆ ಮೌನ ಎಂದು ಒಡೆಯುತ್ತದೋ ಎಂದು ವಹೀದಾಳ ಜೀವ ಕೈಯಲ್ಲಿತ್ತು.

ಖಾಸಿಂ ಅಲಿ ಸಕ್ಕರೆ ತಾಟು ತರುವ ಶುಕ್ರವಾರವೇ ಗುಳಿಗೆ ತರುವ ದಿನವೂ ಬಂತು. ಅರ್ಫಾತನಿಗೆ ನೆಗಡಿ. ವಹೀದಾ ಹಾಲು ಹಿಂಡಿ ವಾಟಿಯಲ್ಲಿ ಮುಚ್ಚಿಟ್ಟು, ಮಧ್ಯಾಹ್ನದೊಳಗೆ ಬರುತ್ತೇನೆ, ಬೇರೇನೂ ಕೊಡಬೇಡಿ ಎಂದು ಅತ್ತೆಗೆ ಕೈಮುಗಿದು ಬಸ್ಸು ಹತ್ತಿದಳು.

ಬರುವಾಗ ಬಸ್ಸು ಕೆಟ್ಟು ನಿಂತಿತು. ಸುತ್ತ ತೊಗರಿ ಹೊಲ, ಬಿಸಿಲು. ಎದೆ ಕಟ್ಟಿ ಕಲ್ಲಾಗುತ್ತ ಬಂತು. ಕಿಟಕಿಗೆ ತಲೆಯಾನಿಸಿದರೆ ಹೊಲದ ಮೇಲೆಲ್ಲ ಹಾಲು ಹರಿದು ಬರುತ್ತಿತ್ತು, ಬೆಳ್ಳಗೆ, ಮೊಣಕಾಲುದ್ದ. ಅದರಲ್ಲಿ ಅರ್ಫಾತ ತೇಲುತ್ತ, ಬಾಯಾರಿ ಅಳುತ್ತಿದ್ದ. ಅತ್ತೆ ದಂಡೆಯಲ್ಲಿ ನಿಂತು ಹಸುವಿನ ಹಾಲಿನ ಲೋಟ ಚಾಚುತ್ತಿದ್ದರು. ಚೀರಬೇಕೆಂದರೆ ದನಿ ಹೊರಡಲಿಲ್ಲ.

ಹೊತ್ತು ಇಳಿದಾಗ ಭಾಲ್ಕಿ ಬಂತು. ಸ್ಟ್ಯಾಂಡಿನಿಂದ ಓಡಿದಳು. ಮನೆಯ ಬಾಗಿಲಲ್ಲಿ ಔರಾದಿನವರ ಚಪ್ಪಲಿಗಳು. ಒಳಗಿಂದ ಕೂಸಿನ ಅಳು ಕೇಳಲಿಲ್ಲ. ವಾಟಿಯ ಹಾಲು ಇಷ್ಟು ಹೊತ್ತು ಬಂದಿರುವುದಿಲ್ಲ. ಹಾಗಾದರೆ ಏನು ಕೊಟ್ಟರು?

ಒಳಕೋಣೆಯಲ್ಲಿ ಹೆಂಗಸರು ಕೂಡಿದ್ದರು. ನೆಲದ ಮೇಲೆ ಹಸುವಿನ ಹಾಲಿನ ಲೋಟ ಕೆನೆಗಟ್ಟಿ ಕೂತಿತ್ತು, ಯಾರೂ ಮುಟ್ಟಿರಲಿಲ್ಲ. ಅಂಬರೀನ ಅಜ್ಜಿಯ ತೊಡೆಯ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಜೇಬಾ ಗೋಡೆಗೊರಗಿ ಓಢಣಿಯ ಮರೆಯಲ್ಲಿ ಹಾಲು ಕುಡಿಸುತ್ತಿದ್ದಳು. ಓಢಣಿಯ ಕೆಳಗಿಂದ ಎರಡು ದುಂಡನೆಯ ಕಾಲುಗಳು ಹೊರಬಂದು ಗಾಳಿಯನ್ನು ಒದೆಯುತ್ತಿದ್ದವು. ಅವು ಅರ್ಫಾತನ ಕಾಲುಗಳು.

"ನೋಡಿದೇನು ಇಕಿ ಮಾಡಿದ ಕೆಲಸ!" ಅನ್ವರಿ ಬೇಗಂ ಹಣೆ ಚಚ್ಚಿಕೊಂಡರು. "ಸಕ್ಕರಿ ತಾಟು ಬಾಗಿಲಿಗಿ ಬಂದಾಗ! ನಾ ಹಾಲು ಕಾಸಿ ತಂದೀನಿ, ನನ್ನ ಕೈಯಾಗಿಂದ ಕೂಸನ್ನ ಕಸ್ಕೊಂಡು ಎದಿಗಿ ಹಚ್ಚಿಕೊಂಡಳು. ಇನ್ನೆಲ್ಲಿ ನಿಕಾಹ್? ಮುಗೀತು. ಅಣ್ಣ-ತಂಗಿ ಆದ್ರು!"

"ಬ್ಯಾರೆ ಏನೂ ಕೊಡಬ್ಯಾಡಂತ ಡಾಕ್ಟರ್ ಹೇಳಿಲ್ಲೇನು ಅಮ್ಮೀ?" ಎಂದಳು ಜೇಬಾ. "ಕೂಸು ಅಳಲಿಕತ್ತಿತ್ತು. ನಿಕಾಹ್ ಗಿಕಾಹ್ ನನಗ ನೆನಪಾಗಲಿಲ್ಲ. ತಪ್ಪು ನಂದು. ಮಾವಗ ನಾನೇ ಹೇಳ್ತೇನಿ."

ಹೇಳುತ್ತಲೇ ಅವಳು ವಹೀದಾಳ ಮುಖ ನೋಡಿದಳು, ಓಢಣಿ ಸರಿಸಿದಳು. "ಭಾಭಿ, ಬರ್ರಿ ಇಲ್ಲಿ. ಇವನ್ನ ಈ ಕಡಿ ಹೊಳ್ಳಿಸಿ ಕೊಡ್ರಿ, ಇನ್ನೂ ಹೊಟ್ಟಿ ತುಂಬಿಲ್ಲ. ಆಮ್ಯಾಲ ಅಂಬರೀನಳನ್ನ ಎತ್ಕೊಳ್ರಿ, ನೀವಿಲ್ಲದ ನಿದ್ದಿ ಮಾಡವಲ್ಲಳು."

ವಹೀದಾ ಹತ್ತಿರ ಕೂತು, ಮಗನನ್ನು ಎತ್ತಿ, ಜೇಬಾಳ ಇನ್ನೊಂದು ಎದೆಗೆ ಹಚ್ಚಿದಳು. ಅವನು ತಲೆಯೆತ್ತಿ ತಾಯಿಯನ್ನೊಮ್ಮೆ ನೋಡಿ ಮತ್ತೆ ಕುಡಿಯತೊಡಗಿದ. ಅವಳಿಗೆ ತಡೆಯಲಾಗಲಿಲ್ಲ. ಗುಳಿಗೆಯ ಚೀಲ ಬಗಲಲ್ಲಿರುವಂತೆಯೇ, ಅಷ್ಟು ಹೆಂಗಸರ ನಡುವೆ, ದನಿ ತೆಗೆದು ಅತ್ತಳು.

ಅನ್ವರಿ ಬೇಗಮರ ಸಿಟ್ಟು ಇಳಿದುಹೋಯಿತು. ಅಂಬರೀನಳನ್ನು ಸೊಸೆಯ ಮಡಿಲಿಗಿಟ್ಟು, ಅವಳ ಬೆನ್ನು ಸವರುತ್ತ ಹೇಳಿದರು.

"ಅಳಬ್ಯಾಡ ಬೇಟಾ. ಹುಡುಗೇರಿಗೇನು ಬರ ಬಂದದೇನು ಊರಾಗ? ಅರ್ಫಾತಗ ಬ್ಯಾರೆ ನೋಡೋಣಂತ."