ಬಾರದವನ ದೋಣಿ ಬಾಡಿಗೆ

ದೋಣಿಯಲ್ಲೇ ಹೇಳಿಬಿಡಲೇ, ಇಲ್ಲ ದ್ವೀಪ ಮುಟ್ಟಲಿ ಎಂದು ಕಾಯಲೇ? ಯಾವಾಗ ಹೇಳಿದರೂ ಹುಯಿ ಲಿಯಾನ್ ಅಳುತ್ತಾಳೆ. ಹೇಳದೆ ಹೋದರೆ ಈ ರಾತ್ರಿಯೊಳಗೆ ಸರ್ಕಾರಿ ಫ್ಲ್ಯಾಟಿಗೆ ಇಬ್ಬರ ಹೆಸರೂ ಹೋಗುತ್ತದೆ. ಅರ್ಜಿಗೆ ಇಂದೇ ಕೊನೆ. ಸಿಂಗಪುರದಲ್ಲಿ ಹುಡುಗ ಹುಡುಗಿ ಫ್ಲ್ಯಾಟಿಗೆ ಹೆಸರು ಹಾಕಿದರೆಂದರೆ ಮದುವೆ ಗೊತ್ತಾಯಿತೆಂದೇ ಲೆಕ್ಕ.

ಉಬಿನ್ ದ್ವೀಪದ ಮೌನದಲ್ಲಿ ಮಾತು ತಾನಾಗಿ ಬಂದೀತೆಂದು ಕಿಯಾನ್ ಸೆಂಗ್ ನಂಬಿದ್ದ. ಆದರೆ ಹನ್ನೆರಡು ಜನ ತುಂಬದೆ ಚಾಂಗಿ ದೋಣಿಕಟ್ಟೆಯಿಂದ ದೋಣಿ ಹೊರಡುವುದಿಲ್ಲ. ಕಾದು ಕಾದು ಸಾಕಾಗಿ, ಹುಯಿ ಲಿಯಾನ್ ಬಸ್ ನಿಲ್ದಾಣಕ್ಕೇ ಹೋಗಿ ಚರ್ಚಿನ ಆಂಟಿಯರ ಹಿಂಡೊಂದನ್ನು ಕರೆತಂದಳು. ಆ ಹಿಂಡು ದ್ವೀಪದಲ್ಲೂ ಬೆನ್ನು ಬಿಡಲಿಲ್ಲ. ಬಾಡಿಗೆ ಸೈಕಲ್ಲಿನ ಬ್ರೇಕ್ ನೋಡಿಕೊಡು ಎಂದಿತು, ಫೋಟೊ ತೆಗೆ ಎಂದಿತು, ಮದುವೆ ಯಾವಾಗ ಎಂದಿತು. ನೀರಿಳಿದಾಗ ನಕ್ಷತ್ರಮೀನು ತೋರಿಸುತ್ತೇನೆಂದು ಕಿಯಾನ್ ಸೆಂಗ್ ಅವಳನ್ನು ಕರೆತಂದಿದ್ದ. ಇವರು ಹೋಗುವಷ್ಟರಲ್ಲಿ ಕಡಲು ಏರಿ ದಂಡೆಯೇ ಮುಳುಗಿತ್ತು.

ಕಡೆಗೊಮ್ಮೆ ಆಂಟಿಯರು ಹಿಂದುಳಿದರು. ದುರಿಯಾನ್ ಮರದ ಕೆಳಗೆ ಇಬ್ಬರೇ.

"ಲಿಯಾನ್, ಆ ಮನೆ ವಿಷ್ಯ..."

ಬೆನ್ನ ಹಿಂದೆ ಚೀಲ ಸರಪರ ಎಂದಿತು. ಕಾಡುಹಂದಿಯೊಂದು ಸೈಕಲ್ ಬುಟ್ಟಿಗೆ ಮೂತಿಯಿಟ್ಟು, ನಾಸಿ ಲೆಮಾಕ್ ಅನ್ನದ ಪೊಟ್ಟಣಗಳನ್ನು ಎಳೆದುಕೊಂಡು, ಯಾರ ಹಂಗೂ ಇಲ್ಲದಂತೆ ನಡೆದುಹೋಯಿತು. ಹುಯಿ ಲಿಯಾನ್ ನಕ್ಕು ನಕ್ಕು ನೆಲಕ್ಕೆ ಕುಳಿತಳು.

"ಏನೋ ಅಂತಿದ್ಯಲ್ಲ?"

"ಹಸಿವಾಗ್ತಿದೆ ಅಂದೆ."

ಸಂಜೆ ಮರಳುವಾಗ ದ್ವೀಪದ ದೋಣಿಕಟ್ಟೆಯಲ್ಲಿ ಹನ್ನೊಂದೇ ಜನ. ಇನ್ನೊಬ್ಬರು ಬರಲಿ ಎಂದು ದೋಣಿಯ ಮುದುಕ ಬೀಡುಬಿಟ್ಟು ಕುಳಿತ. ಅರ್ಜಿಯ ಕಾಗದಗಳೆಲ್ಲ ಅವಳ ಅಮ್ಮನ ಮನೆಯಲ್ಲಿದ್ದವು. ಯಾರೂ ಬಾರದಿದ್ದರೆ ಗಡುವು ತನ್ನಷ್ಟಕ್ಕೆ ದಾಟಿಹೋಗುತ್ತದೆ, ತಾನು ಬಾಯಿ ತೆರೆಯಬೇಕಾಗಿಲ್ಲ. ಕಿಯಾನ್ ಸೆಂಗ್ ಖಾಲಿ ದಾರಿಯನ್ನೇ ನೋಡುತ್ತ, ಅದು ಖಾಲಿಯಾಗಿಯೇ ಇರಲಿ ಎಂದು ಬೇಡಿಕೊಂಡ.

ಹುಯಿ ಲಿಯಾನ್ ಪರ್ಸು ತೆಗೆದಳು. "ಅಂಕಲ್, ಬಾರದವನ ದುಡ್ಡೂ ನಾನೇ ಕೊಡ್ತೀನಿ, ಹೊರಡಿ. ಇವತ್ತು ನಾವು ಮನೆಗೆ ಹೆಸ್ರು ಹಾಕ್ಬೇಕು."

ಮುದುಕ ಕಿಯಾನ್ ಸೆಂಗ್‌ನನ್ನು ಮೇಲಿಂದ ಕೆಳಗೆ ನೋಡಿದ. "ಬಂದಿರೋನು ಬಾಯಿ ಬಿಡಲ್ಲ, ಬಾರದೋನಿಗೆ ದುಡ್ಡು ಕೊಡ್ತೀಯ. ಚೆನ್ನಾಗಿದೆ ಕಣಮ್ಮ ನಿನ್ ಸಂಸಾರ."

ದೋಣಿಯೆಲ್ಲ ನಕ್ಕಿತು. ಅವನೂ ನಕ್ಕ. ದಡ ಬಿಡುತ್ತಲೇ ಅವಳು ಅವನ ಹೆಗಲಿಗೆ ಒರಗಿ ನಿದ್ದೆಹೋದಳು; ಅವನ ಇನ್ನೊಂದು ಪಕ್ಕದಲ್ಲಿ ಅವಳು ದುಡ್ಡು ತೆತ್ತ ಜಾಗ ಬರಿದಾಗಿತ್ತು.

ಅವಳೊಡನೆ ಬಾಳುವ ಮನಸ್ಸು ತನಗಿಲ್ಲವೆಂದು ಅವನು ಆ ರಾತ್ರಿ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.